ಬಾರದಣ್ಣನ ಏತ್ವ

ಊರಿನ ಗೋಡೆಗಳ ಮೇಲೆ ಏನೇನು ಮಾಡಕೂಡದೆಂದು ಬರೆದಿದೆಯೋ ಅಷ್ಟನ್ನೂ ಬರೆದವನು ಒಬ್ಬನೇ ಪೇಂಟರ್. ಉಗುಳಬಾರದು, ಕಸ ಹಾಕಬಾರದು, ಗಾಡಿ ನಿಲ್ಲಿಸಬಾರದು. ಮೀಸೆ ಮೂಡಿದಾಗಿನಿಂದ ಮೀಸೆ ನರೆಯುವವರೆಗೆ ಪುರಸಭೆಗೆ ಬೋರ್ಡು ಬರೆದು ಬರೆದು ಅವನ ಹೆಸರೇ ಬಾರದಣ್ಣ ಎಂದಾಯಿತು. ಹೆಸರು ಬಾರದಣ್ಣನಾದರೂ ಕರೆದಾಗಲೆಲ್ಲ ಬರುತ್ತಿದ್ದ, ಅದು ಅವನ ಗುಣ. ಅವನು ಬರೆದ ಗೋಡೆಯ ಬುಡದಲ್ಲೇ ಜನ ಉಗುಳುತ್ತಿದ್ದರು, ಅದು ಜನರ ಗುಣ.

ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಅದರಲ್ಲೂ 'ದು' ಬರೆಯುವಾಗ ಕೊಂಬನ್ನು ಒಂದೇ ಎಳೆತಕ್ಕೆ ತಿರುವಿ, ತಾನೇ ಪುರಸಭೆ ಎಂಬಂತೆ ಹಿಂದೆ ಸರಿದು ನೋಡುತ್ತಿದ್ದ. "ಅಕ್ಷರಕ್ಕೆ ಕೊಂಬು ಬಂದ್ರೆ ನಿಮಗೂ ಬರ್ಬೇಕೇನ್ರೀ?" ಎಂದು ಹೆಂಡತಿ ಕಾಲೆಳೆಯುತ್ತಿದ್ದಳು.

ಅವಳು ಮನೆಮನೆಗೆ ಹೋಗಿ ಅಳತೆ ತಂದು ಬಟ್ಟೆ ಹೊಲಿಯುವವಳು. ನಡೆದು ನಡೆದು ಮಂಡಿ ಸವೆದ ಮೇಲೆ, ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಸೈಕಲ್ಲಿನ ಮೇಲೆ ಅವಳ ಕಣ್ಣು ಬಿತ್ತು. ಬೀದಿಯಲ್ಲಿ ಕಲಿಯೋಣವೆಂದರೆ, ಬಿದ್ದಾಗ ಬೀದಿಯೆಲ್ಲ ನಗುತ್ತದೆ. ಹಾಗಾಗಿ ಕೆರೆಯ ಪಕ್ಕದ ಬೀಳು ನೆಲವನ್ನು ಆರಿಸಿಕೊಂಡಳು. "ಹೆಸರೇ ಬೀಳು, ಬಿದ್ರೆ ಯಾರು ಕೇಳ್ತಾರೆ?" ಎಂಬುದು ಅವಳ ವಾದ. ನೇರ ಹೋಗುವುದು ಬಂತು, ತಿರುಗಿಸುವುದು ಬರಲಿಲ್ಲ. ನಿಲ್ಲಿಸುವುದಕ್ಕೆ ಒಂದು ಪೊದೆ ಗೊತ್ತು ಮಾಡಿಕೊಂಡಿದ್ದಳು.

ಅಷ್ಟರಲ್ಲಿ ಆ ನೆಲಕ್ಕೆ ಅದೃಷ್ಟ ಖುಲಾಯಿಸಿತು. ನೆಲವನ್ನು ಕಾಪಾಡಿ, ಜನ ಬಂದು ಆಡಿ ಓಡಾಡುವ ಹಾಗೆ ಮಾಡಿ ಎಂದು ಮೇಲಿನಿಂದ ಅನುದಾನ ಬಂತು. ಪುರಸಭೆಯ ಅಧ್ಯಕ್ಷರಿಗೆ ಮೊದಲರ್ಧ ಮಾತ್ರ ಕೇಳಿಸಿತು. ಬೇಲಿ ಬಂತು, ಸಸಿ ಬಂತು, ಪೊದೆ ಹೋಗಿ ಹುಲ್ಲುಹಾಸು ಬಂತು, ಹುಲ್ಲಿನ ಮೇಲೆ ಅಧ್ಯಕ್ಷರಿಗೆ ಹೆತ್ತ ಮಗುವಿನಷ್ಟು ಮೋಹವೂ ಬಂತು. ಉಳಿದ ಕಂತು ಬಿಡುವ ಮೊದಲು ಅಧಿಕಾರಿ ಬಂದು ನೋಡುತ್ತಾರೆಂದು ತಿಳಿದದ್ದೇ ಬಾರದಣ್ಣನನ್ನು ಕರೆಸಿದರು.

"ಒಂದು ಹುಲ್ಲುಕಡ್ಡಿ ಅಲ್ಲಾಡಬಾರದು ನೋಡು. ಕೂರಬಾರದು, ಓಡಬಾರದು, ಸೈಕಲ್ ಹೊಡೀಬಾರದು, ಕೆರೆಗೆ ಇಳೀಬಾರದು. ಎಲ್ಲಾ ಬರೆದು ಹಾಕು."

"ಸೈಕಲ್ಲೂನಾ ಸಾರ್?"

"ಅದನ್ನ ದೊಡ್ಡಕ್ಷರದಲ್ಲೇ ಹಾಕು."

ಮನೆಗೆ ಬಂದು ತಲೆ ತಗ್ಗಿಸಿಕೊಂಡು ಹೇಳಿದ. ಬಾಯಿಗೆ ಬೀಗವೇ ಇಲ್ಲದ ಹೆಂಡತಿ ಒರೆಸುವ ಬಟ್ಟೆ ಎತ್ತಿಕೊಂಡಳು. ಸೈಕಲ್ಲನ್ನು ಒರೆಸಿ, ಗೋಡೆಗೆ ಒರಗಿಸಿ, ಮೇಲೆ ಹಳೆಯ ಹೊದಿಕೆ ಹೊದಿಸಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

ಮರುದಿನ ಅಂಗಳದಲ್ಲಿ ಹಲಗೆಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಕೂತ. ಕೂತ ಎಂದರೆ ತಪ್ಪು, ನಿಂತೇ ಬರೆದ. 'ಕೆರೆಗೆ ಇಳಿಯಬಾರದು' ಮುಗಿಯಿತು. ಎರಡನೆಯದು 'ಹುಲ್ಲಿನ ಮೇಲೆ ಕೂರಬಾರ' ಎಂಬಲ್ಲಿಗೆ ಬಂದಿತ್ತು. ಹೆಂಡತಿ ಚಹಾ ತಂದಳು. ಕೋಪವಿತ್ತು, ಆದರೆ ಬಿಸಿಲೂ ಇತ್ತು.

"ಬೆಳಗಿಂದ ನಿಂತೇ ಇದೀರ. ಸ್ವಲ್ಪ ಕೂರಬಾರದೆ?" ಎಂದು ಲೋಟ ಇಟ್ಟು ಹೋದಳು.

ಕಿವಿ ಕೇಳಿದ್ದನ್ನು ಕೈ ಬರೆದುಬಿಟ್ಟಿತು. ಕೊಂಬು ಇರಬೇಕಾದಲ್ಲಿ ಏತ್ವ ಬಂದು ಕೂತಿತ್ತು: 'ಹುಲ್ಲಿನ ಮೇಲೆ ಕೂರಬಾರದೆ'.

"ಅಯ್ಯೋ!" ಎಂದು ಸೀಮೆಎಣ್ಣೆ ಬಟ್ಟೆ ಎತ್ತಿಕೊಂಡ. ಒರೆಸುವ ಮುಂಚೆ ಇನ್ನೊಮ್ಮೆ ಓದಿದ. ಇಷ್ಟು ಕಾಲ ಊರನ್ನು ಗದರಿಸಿದ ಅಕ್ಷರ ಮೊದಲ ಸಲ ಊರನ್ನು ಕರೆಯುತ್ತಿತ್ತು. ಕೆಲಸ ಹೋದೀತು ಎಂಬುದೂ ಗೊತ್ತಿತ್ತು. ಆದರೆ ಮುಸುಕು ಹೊದ್ದ ಸೈಕಲ್ಲೂ ಕಣ್ಣೆದುರಿಗೇ ಇತ್ತಲ್ಲ. ಬಟ್ಟೆ ಕೆಳಗಿಟ್ಟು ಒಂದು ಪ್ರಶ್ನೆಚಿಹ್ನೆ ಹಾಕಿದ. ಉಳಿದ ಹಲಗೆಗಳಿಗೂ ಅದನ್ನೇ ಮಾಡಿದ. ಕೆರೆಯ ಹಲಗೆಯ ಕೊಂಬನ್ನು ಮಾತ್ರ ಮುಟ್ಟಲಿಲ್ಲ. ಕೆರೆ ಆಳವಿತ್ತು.

ಬೋರ್ಡು ನೆಟ್ಟಾಗ ಅಧ್ಯಕ್ಷರು ಓದಲಿಲ್ಲ. ಬಾರದಣ್ಣನ ಬೋರ್ಡು ಓದುವ ಅಭ್ಯಾಸ ಊರಲ್ಲಿ ಯಾರಿಗೂ ಇರಲಿಲ್ಲ, ಅವರಿಗೆಲ್ಲಿಂದ ಬರಬೇಕು? ಓದಿದವರು ಬಂದಿಳಿದ ಅಧಿಕಾರಿಣಿ.

"ಹುಲ್ಲಿನ ಮೇಲೆ ಕೂರಬಾರದೆ? ಅಯ್ಯೋ, ಇಷ್ಟು ಪ್ರೀತಿಯಿಂದ ಕರೆದ್ಮೇಲೆ ಕೂರದೇ ಇರೋಕಾಗುತ್ತಾ!" ಎಂದು ಕೂತೇಬಿಟ್ಟರು.

ಅಧ್ಯಕ್ಷರ ಮುಖ ಇಂಗು ತಿಂದ ಮಂಗನಂತಾಯಿತು. ಬಾರದಣ್ಣನನ್ನು ನುಂಗುವ ಹಾಗೆ ನೋಡಿ, ಅಧಿಕಾರಿಣಿಯ ಕಡೆ ತಿರುಗಿ, "ನಂದೇ ಐಡಿಯಾ ಮೇಡಂ" ಎಂದರು.

"ಅದು ಸರಿ, ಆಡೋ ಜನ ಎಲ್ಲಿ? ಬೇಲಿ ನೋಡಿ ನಾನು ದುಡ್ಡು ಬಿಡೋ ಹಾಗಿಲ್ಲ."

ಬಾರದಣ್ಣ ಒಂದೇ ಉಸಿರಿಗೆ ಮನೆಗೆ ಓಡಿದ. "ಸೈಕಲ್ ತಗೊಂಡು ಬಾರೇ!"

"ಬಾರದು ಅಂತ ನೀವೇ ಬರೆದು ಬಂದಿದೀರಲ್ಲ?"

"ಬಂದು ಓದಬಾರದೆ?"

ಅವಳು ಬಂದಳು. ಗೇಟಿನಿಂದ ನೇರ, ಹುಲ್ಲಿನ ಮೇಲೆ ನೇರ. ನಿಲ್ಲಿಸೋಣವೆಂದರೆ ಪೊದೆಯಿಲ್ಲ. 'ಇಲ್ಲಿ ಸೈಕಲ್ ಹೊಡೆಯಬಾರದೆ?' ಎಂಬ ಬೋರ್ಡಿಗೇ ಹೋಗಿ ಹೊಡೆದಳು. ಅಧಿಕಾರಿಣಿ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಕಂತಿಗೆ ಅಲ್ಲೇ ಒಪ್ಪಿಗೆ ಹೇಳಿದರು.

ಹೆಂಡತಿ ಧೂಳು ಕೊಡವಿಕೊಂಡು ಎದ್ದು, ವಾಲಿದ ಬೋರ್ಡನ್ನು ಓದಿದಳು. ಇನ್ನೊಮ್ಮೆ ಓದಿದಳು. ಗಂಡನನ್ನು ನೋಡಿದಳು. ಮೂಗು ಸ್ವಲ್ಪ ಕೆಂಪಾಗಿತ್ತು, ಬಿದ್ದದ್ದಕ್ಕಲ್ಲ.

"ಹಿಂದೆ ಕೂರಬಾರದೆ?" ಎಂದಳು.

ಬಾರದಣ್ಣ ಕೂತ. ಸೈಕಲ್ಲು ಎಂದಿನಂತೆ ನೇರ ಹೊರಟಿತು, ನೇರ ಎದುರಿಗೆ ಕೆರೆ. ದಂಡೆಯ ಮೇಲೆ ಅವನದೇ ಕೊಂಬಿನ ಅಕ್ಷರ: 'ಕೆರೆಗೆ ಇಳಿಯಬಾರದು'. ಹೆಂಡತಿ ಅದನ್ನು ಗಟ್ಟಿಯಾಗಿ ಓದಿ, ಹಲ್ಲು ಕಚ್ಚಿ, ಹ್ಯಾಂಡಲ್ ತಿರುಗಿಸಿದಳು.

ಅವನ ಬೋರ್ಡಿನ ಮಾತು ಕೇಳಿದವರು ಇಡೀ ಊರಲ್ಲಿ ಅವಳೇ ಮೊದಲು.