ಕಾದಂಬರಿಗೆ ಹೊಂದದ ಅಜ್ಜಿ

ಹೋದ ವಾರ ಇಲ್ಲಿ ಅಮೆರಿಕದಲ್ಲಿ, ನಮ್ಮ ಪಕ್ಕದ ಊರು ಸ್ಟಾಫರ್ಡ್‌ನ ಇಂಡಿಯನ್ ಅಂಗಡಿಗೆ ತೊಗರಿಬೇಳೆಗೆಂದು ಹೋದವಳು ಚಹಾಪುಡಿಯ ಸಾಲಿನಲ್ಲಿ ನಿಂತುಬಿಟ್ಟೆ. ಯಾರೋ ಹಸಿರು ಚಹಾದ ಪೊಟ್ಟಣ ಹರಿದು ಹಾಗೇ ಇಟ್ಟು ಹೋಗಿದ್ದರು. ಪಕ್ಕದಲ್ಲೇ ಏಲಕ್ಕಿ. ಎರಡೂ ವಾಸನೆ ಬೆರೆತು ಮೂಗಿಗೆ ಬಡಿದದ್ದೇ ತಡ, ನಮ್ಮ ಹಳೆಯ ಅಪಾರ್ಟ್‌ಮೆಂಟಿನ ಮೇಲಿನ ಮನೆ ಅಜ್ಜಿ ನೆನಪಾದರು. ಬೇಳೆ ಮರೆತು ಚಹಾ ಹಿಡಿದುಕೊಂಡು ಮನೆಗೆ ಬಂದೆ. ಅವತ್ತು ಸಾರಿಲ್ಲ. ನಮ್ಮ ಯಜಮಾನರು ಮೊಸರನ್ನದ ಮುಂದೆ ಕೂತು ಒಂದೆರಡು ಸಲ ನನ್ನ ಮುಖ ನೋಡಿದರು.

ಅಜ್ಜಿ ಕಾಬೂಲಿನವರು. ಮಗ ಸೊಸೆ ಕೆಲಸಕ್ಕೆ ಹೋದರೆ ದಿನವಿಡೀ ಒಬ್ಬರೇ. ಪೇಶಾವರದಲ್ಲಿ ವರ್ಷಗಟ್ಟಲೆ ಇದ್ದು, ಸಿನಿಮಾ ನೋಡಿ ನೋಡಿ ಕಲಿತ ಹಿಂದಿ ಅವರದು. ಟಿ.ವಿ. ವಾರ್ತೆ ಕೇಳಿ ಕಲಿತ ಹಿಂದಿ ನನ್ನದು. ಹೀಗಾಗಿ ಅವರು ಒಂದು ಕಟ್ಟು ಕೊತ್ತಂಬರಿ ಸೊಪ್ಪು ಕೇಳಿದರೂ ಯಾರೋ ರೈಲು ಹತ್ತಿ ಶಾಶ್ವತವಾಗಿ ಹೊರಟುಹೋಗುತ್ತಿರುವ ಹಾಗೆ ಕೇಳಿಸುತ್ತಿತ್ತು. ನಾನು 'ಕೊತ್ತಂಬರಿ ಇಲ್ಲ' ಅಂದರೆ ಎಲ್ಲೋ ಸರ್ಕಾರ ಬಿದ್ದ ಹಾಗೆ. ಆದರೂ ನಮ್ಮಿಬ್ಬರ ಮಾತಿಗೆ ಬರವಿರಲಿಲ್ಲ. ಮಧ್ಯಾಹ್ನ ಅವರ ಮನೆಯಲ್ಲಿ ಚಹಾ ಆಗುತ್ತಿತ್ತು. ನಾನು ಅರ್ಧ ಲೋಟ ಕುಡಿಯುವಷ್ಟರಲ್ಲಿ ಮಗನ ಸ್ಕೂಲ್ ಬಸ್ ಬಂದು, ಎದ್ದು ಓಡುತ್ತಿದ್ದೆ. ಈ ಅರ್ಧ ಲೋಟದ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಜ್ಜಿಗೆ ಇದ್ದದ್ದು ಒಂದೇ ಕೊರಗು. ಅಮೆರಿಕಕ್ಕೆ ಬಂದ ಮೇಲೆ ಅವರ ಮನೆಗೆ ಅತಿಥಿಗಳೆಂದು ಯಾರೂ ಬಂದಿರಲಿಲ್ಲ. "ನೀನು ಅತಿಥಿ ಅಲ್ಲ, ನೀನು ಮಗಳು. ನಿನ್ನ ಲೆಕ್ಕ ಇಲ್ಲ" ಅಂತ ನನ್ನನ್ನು ಪಕ್ಕಕ್ಕೆ ಸರಿಸಿಬಿಟ್ಟಿದ್ದರು. ಊರಿನಲ್ಲಿ ಅವರ ಮನೆಗೆ ಜನ ಬಂದು ಹೋಗಿ ಹೊಸ್ತಿಲೇ ಸವೆದಿತ್ತಂತೆ. ಇಲ್ಲಿ ಹೊಸ ಲೋಟಗಳ ಡಬ್ಬಿಯನ್ನೇ ಬಿಚ್ಚಿರಲಿಲ್ಲ...

ಆಗ ನಮ್ಮದೊಂದು ಕನ್ನಡ ಓದುಗರ ಕೂಟವಿತ್ತು. ಶುಗರ್‌ಲ್ಯಾಂಡಿನ ಒಬ್ಬ ಆಂಟಿ ಅದರ ಅಧ್ಯಕ್ಷೆ. ಆ ವರ್ಷ ಅಫ್ಘಾನ್ ಬದುಕಿನ ಕಾದಂಬರಿಗಳನ್ನೇ ಓದಬೇಕೆಂದು ಅವರ ಅಪ್ಪಣೆ. ಓದಿದೆವು. ಒಂದೊಂದು ಪುಸ್ತಕಕ್ಕೆ ಒಂದೊಂದು ಡಬ್ಬಿ ಟಿಶ್ಯೂ ಖರ್ಚಾಯಿತು. ಎಲ್ಲದರಲ್ಲೂ ಯುದ್ಧ, ವಿಧವೆ, ಧೂಳು. ಯಾವ ಪುಟದಲ್ಲೂ ಯಾರೂ ಹೊಟ್ಟೆ ಹಿಡಿದುಕೊಂಡು ನಕ್ಕದ್ದಿಲ್ಲ. ಹುಬ್ಬಳ್ಳಿ ಕಡೆಯ ಅಂಕಲ್ ಒಬ್ಬರು ಪ್ರತಿ ಸಲ ಕೊನೆಯಲ್ಲಿ ಗಂಟಲು ಸರಿಮಾಡಿಕೊಂಡು, "ಭಾಳ ಕೆಟ್ಟ ಅನಸ್ತದ್ರಿ" ಎಂದು ಹೇಳಿ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಳ್ಳುತ್ತಿದ್ದರು.

ಅಂಥದ್ದೊಂದು ಪುಸ್ತಕದ ಕಥೆಯನ್ನು ನಾನು ಅಜ್ಜಿಗೂ ಹೇಳಿದ್ದೆ. ಒಂದು ಬಂಗಲೆ, ಅದರ ಹಿತ್ತಿಲಲ್ಲಿ ಬಟ್ಟೆ ಒಗೆಯುವವಳ ಗುಡಿಸಲು. ಯುದ್ಧ ಬಂದಾಗ ಬಂಗಲೆಯವರು ಕಾರಿನಲ್ಲಿ ಹೋದರು, ಬಟ್ಟೆ ಒಗೆಯುವವಳು ಮಗುವನ್ನು ಎತ್ತಿಕೊಂಡು ನಡೆದಳು. ಅಜ್ಜಿ ಪೂರ್ತಿ ಕೇಳಿ, "ಬರೆದವನು ಯಾರು, ಕಾರಿನವನಾ ನಡೆದವಳಾ?" ಅಂದರು.

"ಕಾರಿನವರ ಮಗ ಇರಬೇಕು."

"ಅದೇ ಮತ್ತೆ. ನಡೆದವಳಿಗೆ ಕೂತು ಬರೆಯೋಕೆ ಪುರುಸೊತ್ತೆಲ್ಲಿ." ಏಲಕ್ಕಿ ಸಿಪ್ಪೆ ಬಿಡಿಸುತ್ತಾ, "ನಾವು ಬಸ್ಸಲ್ಲಿ ಹೋದವರು ಬೇಟಿ. ಬಸ್ಸಿನವರ ಮೇಲೆ ಯಾರೂ ಬರೆಯಲ್ವಾ? ನಮ್ಮ ಬಸ್ಸಲ್ಲಿ ಒಬ್ಬ ಕೋಳಿ ತಂದಿದ್ದ. ಅದು ದಾರಿಯುದ್ದಕ್ಕೂ ನಮ್ಮ ಅತ್ತೆಯನ್ನ ಮಾತ್ರ ಕುಕ್ಕಿತು" ಎಂದು ನಕ್ಕರು.

ಇದನ್ನು ನಾನು ಕೂಟದಲ್ಲಿ ಹೇಳಿದ್ದೇ ಆಯಿತು, ಅಧ್ಯಕ್ಷೆ ಆಂಟಿ ಹಿಡಿದುಕೊಂಡುಬಿಟ್ಟರು. ನಿಜವಾದ ಅಫ್ಘಾನ್ ಮಹಿಳೆ ನಮ್ಮ ನಡುವೆ ಇರುವಾಗ ಬರೀ ಪುಸ್ತಕ ಯಾಕೆ, ಮುಂದಿನ ಸಭೆ ಅವರ ಮನೆಯಲ್ಲೇ ಆಗಲಿ ಅಂದರು. ನಾನು ಅಳುಕುತ್ತಲೇ ಹೋಗಿ ಕೇಳಿದೆ. ಅಜ್ಜಿ ತಕ್ಷಣ ಹೊಸ ಲೋಟಗಳ ಡಬ್ಬಿ ಎಲ್ಲಿದೆ ಎಂದು ಹುಡುಕಲು ಎದ್ದರು.

ಶನಿವಾರ ಎಲ್ಲರೂ ಬಂದರು. ಟಿಶ್ಯೂ ಡಬ್ಬಿಯೂ ಬಂತು. ಆಂಟಿ ಅರಿಶಿನ ಕುಂಕುಮದ ಜೊತೆ ಒಂದು ಬ್ಲೌಸ್ ಪೀಸ್ ಕೊಟ್ಟರು. ಆ ಗಿಳಿಹಸಿರು ಬಟ್ಟೆ ಎಷ್ಟು ಮನೆ ಸುತ್ತಿ ಬಂದಿತ್ತೋ. ಒಂದು ಸಲ ನಮ್ಮ ಮನೆಗೂ ಬಂದು ಹೋದದ್ದು ನನಗೆ ಗುರುತು ಸಿಕ್ಕಿತು. ಅದನ್ನು ಮುಂದೆ ಸಾಗಿಸಬೇಕೆಂಬ ನಿಯಮ ಅಜ್ಜಿಗೆ ಗೊತ್ತಿರಲಿಲ್ಲ. ಕಣ್ಣಿಗೊತ್ತಿಕೊಂಡು, ಬಿಡಿಸಿ, ಬಿಸಿ ರೊಟ್ಟಿಯ ಬುಟ್ಟಿಗೆ ಹೊದಿಸಿಬಿಟ್ಟರು. ಅಲ್ಲಿಗೆ ಅದರ ಸಂಚಾರ ಮುಗಿಯಿತು.

ನೆಲದ ಮೇಲೆ ಬಟ್ಟೆ ಹಾಸಿ ಬಡಿಸಿದ್ದರು. ಆಲೂಗಡ್ಡೆ ತುಂಬಿದ ತೆಳು ರೊಟ್ಟಿ, ಕ್ಯಾರೆಟ್ಟು ದ್ರಾಕ್ಷಿಯ ಅನ್ನ, ಎಲ್ಲವೂ ನಮಗಾಗಿ ಮಾಂಸವಿಲ್ಲದೆ. ಆಂಟಿ ಪ್ರಶ್ನೆ ಶುರುಮಾಡಿದರು. ಯುದ್ಧದ ದಿನಗಳಲ್ಲಿ ಹೆಣ್ಣಿನ ಮನಸ್ಥಿತಿ ಹೇಗಿತ್ತು? ಅಜ್ಜಿ ಯೋಚಿಸಿ, ಅತ್ತೆಗೆ ಕಿವಿ ಮಂದವಾಗಿದ್ದರಿಂದ ಗುಂಡಿನ ಸದ್ದಿಗೆ 'ಬಾಗಿಲಲ್ಲಿ ಯಾರೋ ಬಂದರು ನೋಡು' ಎನ್ನುತ್ತಿದ್ದರೆಂದು ಹೇಳಿದರು. ಸಮಾಜದ ಮೇಲುಕೀಳಿನ ಬಗ್ಗೆ? ತಮ್ಮ ನಾದಿನಿ ಸಾಹುಕಾರರ ಮನೆ ಸೇರಿದಳು, ಅಂದಿನಿಂದ ಅವಳಿಗೆ ತಮ್ಮ ಮನೆಯ ಉಪ್ಪಿನಕಾಯಿ ಮಾತ್ರ ನೆನಪಿತ್ತು, ತಾವು ಮರೆತುಹೋದೆವು ಅಂದರು. ಟಿಶ್ಯೂ ಡಬ್ಬಿ ಹಾಗೇ ಇತ್ತು. ಆಂಟಿ ನನ್ನ ಕಿವಿಯಲ್ಲಿ, "ಇವರು ಪುಸ್ತಕದ ಥರ ಇಲ್ವಲ್ಲೇ" ಎಂದರು.

ಅಷ್ಟರಲ್ಲಿ ಚಹಾ ಬಂತು. ಲೋಟದಲ್ಲಿ ಬಿಡಬಾರದು, ಬಿಟ್ಟರೆ ಮನೆಯವರಿಗೆ ಅವಮಾನ ಅಂತ ನಮ್ಮನ್ನು ಬೆಳೆಸಿದವರು ಹೇಳಿಕೊಟ್ಟಿದ್ದರಲ್ಲ, ಎಲ್ಲರೂ ಪೂರ್ತಿ ಕುಡಿದರು. ಅಜ್ಜಿ ಮತ್ತೆ ತುಂಬಿಸಿದರು. ಮತ್ತೆ ಕುಡಿದರು. ಮತ್ತೆ ತುಂಬಿತು. 'ಸಾಕು' ಅಂದರೆ ಮರ್ಯಾದೆಗೆ ಅನ್ನುತ್ತಾರೆಂದು ಅಜ್ಜಿ ನಗುತ್ತಿದ್ದರು. ನಾವೂ ನಮ್ಮ ಮನೆಗಳಲ್ಲಿ ಹಾಗೇ ತಾನೇ ಮಾಡುವುದು. ಹುಬ್ಬಳ್ಳಿ ಅಂಕಲ್ ಬೆವರಿ, "ಹೊಟ್ಟಿ ಒಳಗ ಕೆರಿ ಆಗೇದ್ರಿ" ಎಂದು ನನ್ನ ಕಡೆ ನೋಡಿದರು. ಒಳಗೆ ಹೋದರೆ ಅಜ್ಜಿ ಸಕ್ಕರೆ ಡಬ್ಬಿಯ ತಳ ಕೆರೆಯುತ್ತಿದ್ದಾರೆ. "ಬೇಟಿ, ಅತಿಥಿಗಳು ಇನ್ನೂ ತಣಿದಿಲ್ಲ, ನನ್ನ ಮನೇಲಿ ಸಕ್ಕರೆ ಮುಗೀತಾ ಬಂತು. ಇಷ್ಟು ವರ್ಷ ಕಾದು... ಮಾನ ಹೋಗತ್ತೆ."

ಸದ್ಯ ಆಗಲೇ ಸೊಸೆ ಕೆಲಸದಿಂದ ಬಂದಳು. ಸಾಲಾಗಿ ಕೆಂಪಗೆ ಕೂತಿದ್ದ ಕನ್ನಡಿಗರನ್ನು ನೋಡಿ ಅವಳಿಗೆ ಎಲ್ಲ ಅರ್ಥವಾಯಿತು. ಅವರಲ್ಲಿ ಲೋಟ ಖಾಲಿ ಮಾಡಿದರೆ ಇನ್ನೂ ಬೇಕೆಂದು ಅರ್ಥವಂತೆ. ಸಾಕಾದರೆ ಮಗುಚಿಡಬೇಕು, ಇಲ್ಲವೇ ಸ್ವಲ್ಪ ಬಿಡಬೇಕು. ನಾನು ಅಷ್ಟು ದಿನ ಅರ್ಧಕ್ಕೇ ಎದ್ದು ಓಡಿ, ಗೊತ್ತಿಲ್ಲದೇ ಬಚಾವಾಗಿದ್ದೆ. ಅಂಕಲ್ ತಕ್ಷಣ ಲೋಟ ಮಗುಚಿ, ಅದರ ಮೇಲೆ ಕೈಯನ್ನೂ ಇಟ್ಟರು. ಅಜ್ಜಿ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಟಿಶ್ಯೂ ಡಬ್ಬಿ ಬಿಚ್ಚಿದ್ದು ಆಗಲೇ.

ಆ ನಗುವಿನಲ್ಲೇ ಆಂಟಿ ಮೆತ್ತಗೆ ಕೊನೆಯ ಪ್ರಶ್ನೆ ಕೇಳಿಬಿಟ್ಟರು. "ಊರು ಬಿಟ್ಟ ದಿನ... ಆ ಬಸ್ಸು ಹತ್ತಿದ ದಿನ, ಯಾರನ್ನಾದರೂ ಬಿಟ್ಟು ಬಂದಿರಾ ಅಜ್ಜಿ?"

ಅಜ್ಜಿ ಹಾಸಿದ ಬಟ್ಟೆಯ ಸುಕ್ಕನ್ನು ಅಂಗೈಯಿಂದ ತೀಡಿದರು. ಒಂದು ಸಲ, ಇನ್ನೊಂದು ಸಲ. "ಅದನ್ನ ಅತಿಥಿಗಳಿಗೆ ಕೊಡಲ್ಲ ಬೇಟಿ" ಎಂದರು. ಆಮೇಲೆ ಕೆಟಲ್ ಎತ್ತಿಕೊಂಡು, "ಚಹಾ?"

ಹುಬ್ಬಳ್ಳಿ ಅಂಕಲ್ ಮಗುಚಿಟ್ಟಿದ್ದ ಲೋಟವನ್ನು ನೆಟ್ಟಗೆ ಮಾಡಿ ಮುಂದೆ ಚಾಚಿದರು. ಆಂಟಿಯೂ ಚಾಚಿದರು. ಆಮೇಲೆ ನಾವೆಲ್ಲರೂ. ನಾನು ಮೆಲ್ಲನೆ ಕೆಳಗಿಳಿದು ನಮ್ಮ ಮನೆಯ ಸಕ್ಕರೆ ಡಬ್ಬಿ ತಂದು ಅವರ ಅಡುಗೆಮನೆಯಲ್ಲಿಟ್ಟೆ.

ಮುಂದೆ ಅವರ ಮಗನಿಗೆ ಡಾಲಸ್‌ನಲ್ಲಿ ಕೆಲಸವಾಗಿ ಎಲ್ಲರೂ ಶಿಫ್ಟ್ ಆದರು. ಅಜ್ಜಿ ತೀರಿಕೊಂಡ ಸುದ್ದಿ ಬಂದಾಗ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಮನೆ ತುಂಬ ಜನ. ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲ. ನೋಡಿದ್ದರೆ ಅಜ್ಜಿ ಎಷ್ಟು ಹಿಗ್ಗುತ್ತಿದ್ದರೋ... ರೊಟ್ಟಿಯ ಬುಟ್ಟಿಯ ಮೇಲೆ ಮಾಸಿದ ಗಿಳಿಹಸಿರು ಬ್ಲೌಸ್ ಪೀಸ್ ಹೊದಿಸಿತ್ತು. ಬಸ್ಸು ಹತ್ತಿದ ದಿನದ ಕಥೆಯನ್ನು ಅವರು ನನಗೂ ಹೇಳದೆ ಹೋದರು. ನಾನೂ ಕೇಳಲಿಲ್ಲ.

ಮೊನ್ನೆ ಆ ಚಹಾ ಮಾಡಿದೆ, ಏಲಕ್ಕಿ ಹಾಕಿ. ಮಗ ಈಗ ಆಸ್ಟಿನ್‌ನಲ್ಲಿ ಓದುತ್ತಾನೆ. ಮಧ್ಯಾಹ್ನ ನನಗೆ ಯಾವ ಬಸ್ಸಿನ ಅವಸರವೂ ಇಲ್ಲ. ಪೂರ್ತಿ ಕುಡಿದು ಖಾಲಿ ಲೋಟವನ್ನು ಮೇಜಿನ ಮೇಲಿಟ್ಟೆ. ಮಗುಚಲಿಲ್ಲ. ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.