ಎಳೆ ಅಂದರೆ ನಿಲ್ಲುವ ಗಾಡಿ

ಒಂದು ಕಂಪನಿಗೆ ಯಾರೂ ಕೃತಜ್ಞರಾಗಿರಬೇಕಾಗಿಲ್ಲ. ಅದು ಮಾರುತ್ತದೆ, ಬೇಕಾದವರು ಕೊಳ್ಳುತ್ತಾರೆ, ವ್ಯವಹಾರ ಅಲ್ಲಿಗೆ ಮುಗಿಯಿತು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಲ್ಲತೊಡಗಿದ ದಿನದಿಂದ ನಾನು ಹೇಳಿಕೊಂಡು ಬಂದ ವಾದ ಇದು. ಇವತ್ತಿಗೂ ಅದರಲ್ಲಿ ನನಗೆ ತಪ್ಪು ಕಂಡಿಲ್ಲ. ಆದರೂ ಆ ಜಪಾನಿ ಕಂಪನಿಯ ಹಳೆಯ ಗಾಡಿಯೊಂದು, ಎಂಟು ಜನ ಕೂರುವ ಆ ಉದ್ದನೆಯ ಡಬ್ಬಿಯಂಥದ್ದು, ರಸ್ತೆಯಲ್ಲಿ ಎದುರಾದರೆ ಮನಸ್ಸು ಕೈಮುಗಿಯುತ್ತದೆ. ಯಾರಿಗೆ ಮುಗಿಯುತ್ತದೆ ಎಂದು ಖಚಿತಪಡಿಸಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬರೆಯುವುದಿಲ್ಲ. ಜಾಹೀರಾತು ಅವರ ಕೆಲಸ.

ನಮ್ಮದು ಮೊಳಕಾಲ್ಮೂರಿನ ನೇಕಾರರ ಬೀದಿ. ಮನೆಯ ಮಾತು ತೆಲುಗು, ಬೀದಿಯ ಮಾತು ಕನ್ನಡ, ಜಗಳ ಎರಡರಲ್ಲೂ. ನಡುಮನೆಯಲ್ಲಿ ತಾತನ ಗುಂಡಿ ಮಗ್ಗ. ತಾತ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತರೆ ಮನೆಯವರೆಲ್ಲ ಆ ಮಗ್ಗದ ಸುತ್ತ ಬದುಕುತ್ತಿದ್ದೆವು. ರೇಷ್ಮೆಯ ಎಳೆ ಕಡಿದದ್ದು ನೇಯುವವನಿಗೆ ಎಷ್ಟೋ ಸಲ ಕಾಣುವುದಿಲ್ಲ, ಪಕ್ಕದಲ್ಲಿ ನಿಂತವರಿಗೆ ಕಾಣುತ್ತದೆ. ಆದ್ದರಿಂದ ನಮ್ಮ ಮನೆಯಲ್ಲಿ ಒಂದು ರೂಢಿ ಇತ್ತು. ಕಡಿದ ಎಳೆ ಯಾರ ಕಣ್ಣಿಗೆ ಬಿದ್ದರೂ ಅವರು ‘ಎಳೆ’ ಎನ್ನಬೇಕು. ಅಷ್ಟೇ, ಒಂದೇ ಮಾತು. ಅಂದ ತಕ್ಷಣ ತಾತ ಲಾಳಿ ಹಿಡಿದ ಕೈ, ಗುಂಡಿಯೊಳಗೆ ತುಳಿಯುವ ಕಾಲು ಎರಡನ್ನೂ ಹಾಗೇ ನಿಲ್ಲಿಸುತ್ತಿದ್ದ. ಅಂದವರು ಅಜ್ಜಿಯೋ, ನೀರು ಕೇಳಲು ಬಂದ ದಾರಿಹೋಕನೋ, ಅಂಬೆಗಾಲು ಬಿಟ್ಟು ಆಗಷ್ಟೇ ನಡೆಯಲು ಕಲಿತ ನಾನೋ, ವ್ಯತ್ಯಾಸವಿಲ್ಲ. ನೋಡಿದರೆ ಎಳೆ ಕಡಿದೇ ಇಲ್ಲ, ನೆರಳು ಬಿದ್ದು ಹಾಗೆ ಕಂಡಿತ್ತು ಅಂತಾದರೂ ಬೈಯುವಂತಿರಲಿಲ್ಲ. ಬೈದರೆ ಮುಂದಿನ ಸಲ ನಿಜವಾಗಿ ಕಡಿದಾಗ ಬಾಯಿ ಬಿಡಲು ಹೆದರುತ್ತಾರೆ ಎಂಬುದು ತಾತನ ಕಾರಣ. ಹಾಳಾಗುವುದು ಒಂದು ಸೀರೆ ಅಲ್ಲ, ಹೇಳುವ ಬಾಯಿ.

ನನ್ನ ಚಿಕ್ಕಪ್ಪ ಅದೇ ಮಗ್ಗದಲ್ಲಿ ಕಲಿತವನು. ಸೀರೆಯ ಅಂಚಿನ ಲಾಳಿ ಎಸೆಯಲು ತಾತನ ಎದುರು ಕೂರುತ್ತಿದ್ದವನು ತೊಂಬತ್ತರ ದಶಕದಲ್ಲಿ ಒಂದು ದಿನ ಎದ್ದು ಹೋಗಿ ಚಳ್ಳಕೆರೆಯಲ್ಲಿ ಲಾರಿ ಹತ್ತಿದ. ಮೊದಲು ಕ್ಲೀನರ್, ಆಮೇಲೆ ಡ್ರೈವರ್, ಆಮೇಲೆ ಎಣ್ಣೆ ಮಿಲ್ಲಿನ ಸಾಹುಕಾರರೊಬ್ಬರ ಕಾರಿಗೆ ಡ್ರೈವರ್. ತಾತ ಕೂಗಾಡಲಿಲ್ಲ. ಎದುರಿನ ಜಾಗ ಖಾಲಿ ಬಿಟ್ಟ, ಬೇರೆ ಯಾರನ್ನೂ ಕೂರಿಸಲಿಲ್ಲ. ಮಗ ಬಂದರೆ ಊಟ ಹಾಕಿಸುತ್ತಿದ್ದ, ಆದರೆ ಮಗ ನಡೆಸುವ ಯಾವ ಗಾಡಿಯನ್ನೂ ಹತ್ತುತ್ತಿರಲಿಲ್ಲ. ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಚಿಕ್ಕಪ್ಪ ಪಕ್ಕಕ್ಕೆ ಗಾಡಿ ತಂದು ನಿಲ್ಲಿಸಿದರೂ, “ನಡಿ ನಡಿ, ನಂಗೆ ಬಸ್ ಐತೆ” ಅನ್ನುತ್ತಿದ್ದ. ಚಿಕ್ಕಪ್ಪನಿಗೆ ಬೇಕಾಗಿದ್ದದ್ದು ಅದೊಂದೇ: ಅಪ್ಪ ಒಮ್ಮೆ ತನ್ನ ಪಕ್ಕದ ಸೀಟಿನಲ್ಲಿ ಕೂರಬೇಕು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಸಾಹುಕಾರರು ಆ ಜಪಾನಿ ಗಾಡಿ ತಂದರು. ಚಳ್ಳಕೆರೆಯ ಬಸ್ ನಿಲ್ದಾಣದ ಹತ್ತಿರ ಬಾಡಿಗೆ ಗಾಡಿಗಳು ನಿಲ್ಲುವ ಕಡೆ ಅದಕ್ಕೆ ಇದ್ದ ಹೆಸರು ಕೇಳಿದರೆ ನಗು ಬರುತ್ತಿತ್ತು. “ಜಪಾನ್ ಗಾಡಿ ಕಣ್ರೀ, ಕೆಡಲ್ಲ.” ಇದು ಅಭಿಪ್ರಾಯವಲ್ಲ, ಮಂತ್ರ. ಕೆಡುವುದಿಲ್ಲ ಎಂಬುದಕ್ಕೆ ಪುರಾವೆ ಏನು ಎಂದು ನಾನು ಕೇಳಿದರೆ, “ಕೆಟ್ಟಿದ್ದನ್ನ ನೀನು ನೋಡಿದೀಯಾ?” ಎಂದು ಚಿಕ್ಕಪ್ಪ ತಿರುಗಿಸಿ ಕೇಳುತ್ತಿದ್ದ. ತಂದು ತಿಂಗಳಾಗಿಲ್ಲ, ಕೆಡಲು ಅದಕ್ಕೆ ಪುರುಸೊತ್ತಾದರೂ ಬೇಕಲ್ಲ ಎನ್ನುತ್ತಿದ್ದೆ. ಮುಂಚೆ ಇದ್ದ ನಮ್ಮ ದೇಶದ ಹಳೆಯ ಕಾರಿನ ಬಾನೆಟ್ಟನ್ನು ಚಿಕ್ಕಪ್ಪ ದಿನಾ ಬೆಳಿಗ್ಗೆ ಎತ್ತುತ್ತಿದ್ದ. ನೀರು ನೋಡುತ್ತಿದ್ದ, ಆಯಿಲ್ ನೋಡುತ್ತಿದ್ದ, ಬೆಲ್ಟ್ ಒತ್ತುತ್ತಿದ್ದ. ಅದರ ಮೇಲೆ ನಂಬಿಕೆಯೇ ಇಲ್ಲದ್ದರಿಂದ ಅದನ್ನು ಚೆನ್ನಾಗಿ ನೋಡಿಕೊಂಡ. ಹೊಸದು ಬಂದ ಮೇಲೆ ಮೈ ಒರೆಸಿ ಹೂವು ಸಿಕ್ಕಿಸಿ ಕೀಲಿ ತಿರುಗಿಸುವುದಷ್ಟೇ.

ನಾನಾಗ ಚಳ್ಳಕೆರೆಯಲ್ಲಿ ಪಿಯುಸಿ ಓದುತ್ತಿದ್ದೆ. ಚರ್ಚಾಸ್ಪರ್ಧೆಯ ವಿಷಯ ‘ವಿದೇಶಿ ಕಂಪನಿಗಳು ನಾಡಿಗೆ ವರವೇ, ಶಾಪವೇ’. ನನ್ನದು ಶಾಪದ ಕಡೆ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಕಲಿತು ಹೋಗಬೇಕೆಂದು ನಮ್ಮ ಮೇಷ್ಟ್ರು ಪಾಠ ಮಾಡಿದ್ದರು. ಸರಿ, ಗ್ರಂಥಾಲಯದಲ್ಲಿ ಹಳೆಯ ವಾರಪತ್ರಿಕೆಗಳನ್ನು ಕೆದಕುತ್ತಾ ಈ ಕಂಪನಿಯ ಹುಳುಕು ಹುಡುಕಿದೆ. ಸಿಕ್ಕಿದ್ದು ಮಗ್ಗ.

ಆ ಕಾರಿನ ಮನೆತನದ ಮೂಲಪುರುಷ ಒಬ್ಬ ಬಡಗಿಯ ಮಗನಂತೆ. ತಾಯಿ ಮಗ್ಗದಲ್ಲಿ ಕಷ್ಟಪಡುವುದನ್ನು ನೋಡಿ ಮಗ್ಗವನ್ನೇ ಸುಧಾರಿಸಲು ಹೊರಟನಂತೆ. ಎಷ್ಟೋ ವರ್ಷಗಳ ಮೇಲೆ ಅವನು ಮಾಡಿದ ಯಂತ್ರಮಗ್ಗ ಎಳೆ ಕಡಿದರೆ ತಾನಾಗಿ ನಿಲ್ಲುತ್ತಿತ್ತು. ಆ ಮಗ್ಗದ ಹಕ್ಕನ್ನು ಇಂಗ್ಲೆಂಡಿನವರಿಗೆ ಮಾರಿ ಬಂದದ್ದು ಅವನ ಮಗನ ಕಾರಿನ ಕೆಲಸಕ್ಕೆ ಹೋಯಿತು. ಮೊದಮೊದಲು ಅವರ ಲಾರಿಗಳು ದಾರಿಯಲ್ಲೇ ಕೆಟ್ಟು ನಿಲ್ಲುತ್ತಿದ್ದವು ಎಂಬುದೂ ಅದರಲ್ಲಿತ್ತು, ಅದನ್ನು ಓದಿ ನನಗೆ ಸ್ವಲ್ಪ ಸಮಾಧಾನವಾಯಿತು. ಕೆಡದ ಗಾಡಿ ಎಂಬ ಹೆಸರು ಬಂದದ್ದು ಆಮೇಲೆ. ಅವರ ಕಾರ್ಖಾನೆಯಲ್ಲಿ ಯಾವ ಕೆಲಸಗಾರನಿಗೆ ತಪ್ಪು ಕಂಡರೂ ಒಂದು ಹಗ್ಗ ಎಳೆಯುತ್ತಾನೆ, ತಪ್ಪು ಸರಿಯಾಗದಿದ್ದರೆ ಕೆಲಸದ ಇಡೀ ಸಾಲು ನಿಲ್ಲುತ್ತದೆ.

ಓದಿ ಸಿಟ್ಟು ಬಂತು. ಇದು ಎದುರಾಳಿಗೆ ಸಿಗಬೇಕಾದ ಸರಕು. ಆದರೆ ಆ ಶನಿವಾರ ಊರಿಗೆ ಹೋದಾಗ ಬಾಯಿ ಸುಮ್ಮನಿರಲಿಲ್ಲ. ಚಿಕ್ಕಪ್ಪನೂ ಬಂದಿದ್ದ. ಕಥೆ ಕೇಳಿ ಅವನ ಮುಖ ಅರಳಿತು.

“ಇದನ್ನ ನಾಯನಗೆ ಹೇಳು. ನಿನ್ನ ಡಿಬೇಟು ಮನೇಲೂ ಒಂದ್ಸಲ ಉಪಯೋಗಕ್ಕೆ ಬರ್ಲಿ.” ನಾಯನ ಎಂದರೆ ನಮ್ಮ ತೆಲುಗಿನಲ್ಲಿ ಅಪ್ಪ.

ಮಗ್ಗದ ಪಕ್ಕ ನಿಂತು ಹೇಳಿದೆ. ತಾತ ಲಾಳಿ ನಿಲ್ಲಿಸದೆ ಕೇಳಿಸಿಕೊಂಡ.

“ಅಂದ್ರೆ ಅವ್ನೂ ಮಗ್ಗ ಬಿಟ್ಟು ಓಡಿ ಹೋದೋನೇ,” ಎಂದ. “ನಿಮ್ಮ ಚಿಕ್ಕಪ್ಪನಂಗೆ. ಇದರಾಗೆ ಹೊಸಾದೇನೈತೆ ಅಮ್ಮಾಯಿ?”

ನಾನು ಇಂಥ ಪೆಟ್ಟು ನಿರೀಕ್ಷಿಸಿರಲಿಲ್ಲ. “ಅಪ್ಪ ಬಿಡಲಿಲ್ಲ ತಾತ. ಬಿಟ್ಟಿದ್ದು ಮಗ.”

“ಯಾರಾದ್ರೇನು.”

“ಅಪ್ಪನೇ ಕಳ್ಸಿದ್ದು. ಮಗ್ಗದಿಂದ ಬಂದಿದ್ದನ್ನ ಕೈಗೆ ಕೊಟ್ಟು, ನೀನು ಕಾರ್ ಮಾಡು ಅಂತ.”

“ನೀನು ನೋಡಿದ್ಯಾ?”

“ಪತ್ರಿಕೇಲಿ ಬಂದೈತೆ.”

“ಪತ್ರಿಕೇಲಿ ಬಂದಿದ್ದೆಲ್ಲ ಸುಳ್ಳು ಅಂತ ಹೋದ ವಾರ ನೀನೇ ಅಂದೆ.”

ಅಂದಿದ್ದು ಹೌದು. ಚಿಕ್ಕಪ್ಪ ಬಾಗಿಲಲ್ಲಿ ನಿಂತು ನಗು ತಡೆದುಕೊಳ್ಳುತ್ತಿದ್ದ. ವಾದ ಸೋತೆ ಎಂದುಕೊಂಡು ಹೊರಟವಳನ್ನು ತಾತ ಕೂಗಿದ. “ಆ ಎಳೆ ಕಡಿದ್ರೆ ನಿಲ್ಲೋದು ಹೆಂಗಂತೆ? ನೋಡೋರು ಯಾರೂ ಬ್ಯಾಡ್ವಾ?” ನನಗೆ ಅದು ಗೊತ್ತಿರಲಿಲ್ಲ. ತಾತ ಲಾಳಿ ಕೆಳಗಿಟ್ಟು ಎದುರಿನ ಖಾಲಿ ಜಾಗ ನೋಡಿದ.

ಚರ್ಚೆಯ ದಿನ ಬಂತು. ಹಿಂದಿನ ರಾತ್ರಿ ನಾನು ಮನೆಯಲ್ಲೇ ಇದ್ದೆ. ಬೆಳಿಗ್ಗೆ ಚಿಕ್ಕಪ್ಪ ಸಾಹುಕಾರರನ್ನು ಬಳ್ಳಾರಿಗೆ ಬಿಟ್ಟು ಖಾಲಿ ಗಾಡಿಯಲ್ಲಿ ಚಳ್ಳಕೆರೆಗೆ ಮರಳುತ್ತಿದ್ದವನು, ಸಾಹುಕಾರರಿಗೆ ಹೇಳಿಯೇ, ನನಗಾಗಿ ಊರೊಳಕ್ಕೆ ತಿರುಗಿಸಿಕೊಂಡು ಬಂದ. ನೋಡಿದರೆ ತಾತ ಬಿಳಿ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದ.

“ಮಗ್ಗದ ಕಥೆ ಸಭೇಲಿ ಹೆಂಗೆ ಹೇಳ್ತಾಳೋ ನೋಡ್ಬೇಕು,” ಎಂದ. ನಾನು ಆ ಕಥೆ ಹೇಳುವವಳಲ್ಲ, ಅದರ ವಿರುದ್ಧ ಪಕ್ಷದವಳು ಎಂದು ವಿವರಿಸಲು ಹೋದೆ. ಚಿಕ್ಕಪ್ಪ ನನ್ನ ಕಾಲು ತುಳಿದ. ತಾತ ಮುಂದಿನ ಸೀಟಿನಲ್ಲಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಬಾಗಿಲ ಹಿಡಿ ಬಿಗಿಯಾಗಿ ಹಿಡಿದು ಕೂತ. ಗಾಡಿ ಹೊರಟಾಗ ಚಿಕ್ಕಪ್ಪನ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು ಅವನೆಷ್ಟು ಖುಷಿಯಾಗಿದ್ದಾನೆ ಎಂದು. ಎಂದೂ ಇಲ್ಲದಷ್ಟು ನೆಟ್ಟಗೆ ಕೂತಿದ್ದ.

ಹೊರಗೆ ಬಂಡೆ, ಗುಡ್ಡ, ಶೇಂಗಾ ಹೊಲ. ತಾತ ಯಾವುದನ್ನೂ ನೋಡಲಿಲ್ಲ. ಜೀವಮಾನವಿಡೀ ಮೊಳ ದೂರದಲ್ಲಿರುವುದನ್ನೇ ನೋಡಿದ ಕಣ್ಣು ಅದು, ಸ್ಟೇರಿಂಗಿನ ಹಿಂದಿನ ಮುಳ್ಳು, ದೀಪಗಳ ಮೇಲೆ ನೆಟ್ಟು ಕೂತಿತ್ತು. ನಮ್ಮೂರ ಪಕ್ಕದ ಹಾನಗಲ್ ಹತ್ತಿರ ಹೆದ್ದಾರಿಗೆ ತಿರುಗುವಾಗ ಒಂದು ಹಸಿರು ದೀಪ ಮಿಣಮಿಣ ಎಂದಿತು.

“ಎಳೆ,” ಎಂದ ತಾತ.

ಚಿಕ್ಕಪ್ಪ ಗಾಡಿ ನಿಲ್ಲಿಸಿ ಬಗ್ಗಿ ಬಗ್ಗಿ ನಕ್ಕ. “ಅದು ಇಂಡಿಕೇಟರ್ ನಾಯನಾ. ನಾನೇ ಹಾಕಿದ್ದು.”

“ಹಾಕು. ನಂಗೇನು ಗೊತ್ತು,” ಎಂದು ತಾತ ಮತ್ತೆ ನೋಡತೊಡಗಿದ. ಬೈಗುಳವೂ ಇಲ್ಲ, ನಾಚಿಕೆಯೂ ಇಲ್ಲ. ರೂಢಿ ಅಂದರೆ ರೂಢಿ.

ದಾರಿಯಲ್ಲಿ ಸಿಗುವ ತಳಕು ಊರು ಇನ್ನೂ ದೂರವಿರುವಾಗ ಕೆಂಪು ದೀಪವೊಂದು ಹೊಳೆದು ಆರಿತು. ಮತ್ತೆ ಹೊಳೆಯಿತು.

“ಎಳೆ.”

“ಅದು ಸುಮ್ನೆ ಬರ್ತೈತೆ. ಬಳ್ಳಾರಿ ಬಿಟ್ಟಾಗಿಂದ ಹಂಗೇ. ವೈರು ಅಲ್ಲಾಡಿರ್ಬೇಕು.”

“ಕೆಂಪಗೈತಲ್ಲೋ.”

“ಜಪಾನ್ ಗಾಡಿ ನಾಯನಾ, ಇದಕ್ಕೇನೂ ಆಗಲ್ಲ. ನೀನು ಸುಮ್ನೆ ಕೂತ್ಕೋ.”

ತಾತ ವಾದಿಸಲಿಲ್ಲ. ಮಗ್ಗದ ಮುಂದೆ ಅನ್ನುವಂಥದೇ ದನಿಯಲ್ಲಿ, ಜೋರೂ ಅಲ್ಲ ಮೆಲ್ಲಗೂ ಅಲ್ಲ, ಇನ್ನೊಮ್ಮೆ ಅಂದ. “ಎಳೆ.”

ಚಿಕ್ಕಪ್ಪನ ಕಾಲು ಬ್ರೇಕು ಒತ್ತಿತು. ಅವನು ಒತ್ತಿದ ಎಂದು ನಾನು ಬರೆಯಲಾರೆ. ಯಾಕೆಂದರೆ ಬಾಯಲ್ಲಿ ಇನ್ನೂ “ಏನಿಲ್ಲ ಅಂದ್ನಲ್ಲ” ಎನ್ನುತ್ತಲೇ ಇದ್ದ. ಗಾಡಿ ಬೇವಿನ ಮರದ ಕೆಳಗೆ ನಿಂತಿತು. ಕೆಳಗಿಳಿದು ಬಾನೆಟ್ ಎತ್ತಿ ಆಯಿಲ್ ನೋಡುವ ಕಡ್ಡಿ ಎಳೆದ. ತುದಿಯಲ್ಲಿ ಹನಿಯೂ ಇರಲಿಲ್ಲ. ಅಡಿಗೆ ಬಗ್ಗಿ ನೋಡಿದರೆ ಬಳ್ಳಾರಿ ರಸ್ತೆಯ ಕಲ್ಲೊಂದು ಬಡಿದು ಆಯಿಲ್ ಸೋರಿ ಹೋಗಿತ್ತು. ಇನ್ನು ಸ್ವಲ್ಪ ದೂರ ಓಡಿದ್ದರೆ ಇಂಜಿನ್ ಸೀಜ್ ಆಗುತ್ತಿತ್ತು, ಅದರ ಜೊತೆಗೆ ಚಿಕ್ಕಪ್ಪನ ಕೆಲಸವೂ ಹೋಗುತ್ತಿತ್ತು. ಅವನು ಆ ಕಡ್ಡಿ ಹಿಡಿದು ನಿಂತೇ ಇದ್ದ.

ಸೋರುವ ಕಡೆ ಬಟ್ಟೆ ಬಿಗಿದು, ತಳಕಿನಿಂದ ಆಯಿಲ್ ತರಲು ಯಾವುದೋ ಟ್ರ್ಯಾಕ್ಟರ್ ಹತ್ತಿ ಹೋದ. ನಾನು, ತಾತ ಮರದ ಕೆಳಗೆ ಕೂತೆವು. ಸ್ಪರ್ಧೆಗೆ ಹೊತ್ತಾಗುತ್ತಿತ್ತು.

“ಅಲ್ಲಮ್ಮಾಯಿ, ಮಗ್ಗ ತಾನಾಗೇ ನಿಲ್ಲೋ ಹಂಗೆ ಮಾಡಿದೋರು ಗಾಡೀನ ಯಾಕೆ ಹಂಗೆ ಮಾಡ್ಲಿಲ್ಲ?”

“ದೀಪ ಇಟ್ಟಿದಾರಲ್ಲ ತಾತ.”

“ದೀಪ ಇಟ್ಟು ನಿಲ್ಸೋ ಕೆಲಸ ಡ್ರೈವರ್‌ಗೆ ಬಿಟ್ಟವ್ರೆ. ನಿಮ್ಮ ಚಿಕ್ಕಪ್ಪನ್ನ ನೋಡಿರ್ಲಿಲ್ಲ ಅನ್ಸತ್ತೆ.”

ಚಿಕ್ಕಪ್ಪ ಬಂದು ಆಯಿಲ್ ಹುಯ್ದು, ಕೈ ಒರೆಸಿಕೊಳ್ಳುತ್ತಾ ತಾತನ ಮುಂದೆ ನಿಂತ. “ನೀನು ಅನ್ನದಿದ್ರೆ ಇವತ್ತು ನನ್ನ ಕಥೆ ಮುಗೀತಿತ್ತು ನಾಯನಾ.”

“ನಾನು ಅಂದೆ ಅಷ್ಟೆ. ನಿಲ್ಸಿದ್ದು ನೀನು,” ಎಂದ ತಾತ. ಗಾಡಿಯ ಬಾಗಿಲು ತೆಗೆಯುತ್ತಾ, ಮುಖ ಆ ಕಡೆ ತಿರುಗಿಸಿಕೊಂಡು, “ಮಗ್ಗ ಬಿಟ್ರೂ ಕಾಲು ಮಗ್ಗದ್ದೇ ಐತೆ,” ಎಂದ.

ಚಿಕ್ಕಪ್ಪ ಬಾನೆಟ್ ಮುಚ್ಚಿ ಬಂದು ಕೂತ. ಅಲ್ಲಿಂದ ಚಳ್ಳಕೆರೆಯವರೆಗೆ ಮೆಲ್ಲಗೆ ಓಡಿಸಿದ. ಕೆಂಪು ದೀಪ ಮತ್ತೆ ಬರಲಿಲ್ಲ, ತಾತ ನೋಡುವುದನ್ನೂ ಬಿಡಲಿಲ್ಲ.

ಕಾಲೇಜು ಮುಟ್ಟುವ ಹೊತ್ತಿಗೆ ನನ್ನ ಸರದಿಯನ್ನು ಕೊನೆಗೆ ತಳ್ಳಿದ್ದರು. ಶಾಪದ ಕಡೆಯಿಂದ ಮಾತಾಡಿದೆ, ಎರಡನೇ ಬಹುಮಾನ ಬಂತು. ಹೊರಗೆ ಬಂದಾಗ ತಾತನ ಅಭಿಪ್ರಾಯ ಕೇಳಿದೆ.

“ಚೆನ್ನಾಗಿ ಮಾತಾಡ್ದೆ. ನಡುವೆ ಎಲ್ಲೋ ಎಳೆ ಕಡೀತು. ಅಲ್ಲಿರೋರು ಯಾರೂ ಅನ್ನಲಿಲ್ಲ, ನೀನೂ ನಿಲ್ಲಿಸ್ಲಿಲ್ಲ.”

ಎಲ್ಲಿ ಎಂದು ಕೇಳಬೇಕಾಗಿರಲಿಲ್ಲ. ನನಗೆ ಗೊತ್ತಿತ್ತು. ವಿದೇಶದಿಂದ ಬಂದದ್ದರಲ್ಲಿ ನಾವು ಕಲಿಯುವಂಥದ್ದು ಏನೂ ಇಲ್ಲ ಎಂದು ಮೇಜು ಗುದ್ದಿದ ಕಡೆ ಅದು.

ಈಗ ನನ್ನ ವಾದಕ್ಕೆ ಮರಳುತ್ತೇನೆ. ಕಂಪನಿಗೆ ಕೃತಜ್ಞತೆ ಬೇಕಾಗಿಲ್ಲ, ಸರಿ. ‘ಕೆಡಲ್ಲ’ ಎಂಬ ಅದರ ಹೆಸರೇ ಅವತ್ತು ಗಾಡಿಯನ್ನು ಕೆಡಿಸುತ್ತಿತ್ತು. ಕೆಟ್ಟಿರಬಹುದು ಎಂದು ಹೆಜ್ಜೆಹೆಜ್ಜೆಗೂ ಅನುಮಾನಪಟ್ಟು ನಿಲ್ಲಿಸಿದವರು ಗಳಿಸಿದ ಹೆಸರನ್ನು ನಂಬಿ, ನಾವು ಅನುಮಾನಪಡುವುದನ್ನೇ ಬಿಟ್ಟುಬಿಟ್ಟೆವು. ಆದರೆ ಅವರೂ ನಮ್ಮಂತೆ ಒಂದು ಮಗ್ಗದ ಪಕ್ಕದಿಂದ ಎದ್ದು ಬಂದವರು ಎಂಬ ಕಥೆ ಇರದಿದ್ದರೆ ತಾತ ಆ ಸೀಟಿನಲ್ಲಿ ಕೂರುತ್ತಿರಲಿಲ್ಲ. ಅಷ್ಟಕ್ಕೆ ನಾನು ಋಣಿ. ಉಳಿದ ಋಣವೆಲ್ಲ ತಾತನಿಗೆ, ತಪ್ಪು ಕಂಡರೆ ಯಾರು ಬೇಕಾದರೂ ಬಾಯಿಬಿಟ್ಟು ಹೇಳಬಹುದಾದ ಒಂದು ಮನೆಯಲ್ಲಿ ನನ್ನನ್ನು ಬೆಳೆಸಿದ್ದಕ್ಕೆ. ನಾನು ಮಾತು ಕಲಿತದ್ದು ವೇದಿಕೆಯ ಮೇಲಲ್ಲ, ಆ ಮಗ್ಗದ ಪಕ್ಕದಲ್ಲಿ, ಒಂದೇ ಪದದಿಂದ.

ಅಡಿ ರಿಪೇರಿ ಮಾಡಿಸಿ, ಸಾಹುಕಾರರಿಗೆ ಫೋನಿನಲ್ಲಿ ನಡೆದದ್ದು ಹೇಳಿ ಒಪ್ಪಿಗೆ ಪಡೆದು, ಸಂಜೆ ಚಿಕ್ಕಪ್ಪ ನಮ್ಮನ್ನು ಊರಿಗೆ ಬಿಡಲು ಬಂದ. ಬೀದಿಯ ತುದಿಯಲ್ಲಿ ತಾತನ ಜೊತೆಯ ನೇಕಾರರೊಬ್ಬರು ನಿಂತಿದ್ದರು. ತಾತ ಮುಂದಿನ ಸೀಟಿನಿಂದ ಇಳಿಯುವುದನ್ನು ಕಂಡು ಅವರಿಗೆ ಆಶ್ಚರ್ಯ.

“ಏನಪ್ಪಾ, ಬಸ್ ಸಿಗ್ಲಿಲ್ವಾ? ಯಾರ ಗಾಡಿ ಇದು?”

“ನಮ್ಮ ಹುಡುಗಂದು,” ಎಂದ ತಾತ.

ಗಾಡಿ ಸಾಹುಕಾರರದು. ವಾಸ್ತವದಲ್ಲಿ ತಪ್ಪು, ತಿದ್ದುವುದು ನನ್ನ ಚಾಳಿ. ಚಿಕ್ಕಪ್ಪ ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು ನನ್ನ ಕಡೆ ನೋಡಿದ. ನಾನು ಎಳೆ ಅನ್ನಲಿಲ್ಲ.