ಅರಳದ ರೆಂಬೆ

ನಾನು ಚಿಕ್ಕವನಿದ್ದಾಗ ನನ್ನನ್ನು ಬಿಡದೆ ಕಾಡಿದ ಕಾಯಿಲೆ ಜ್ವರವೂ ಅಲ್ಲ, ಕೆಮ್ಮೂ ಅಲ್ಲ, ಹೊಟ್ಟೆಕಿಚ್ಚು. ಅದು ದೊಡ್ಡಪ್ಪನ ಮಗನ ಮೇಲಿನ ಹೊಟ್ಟೆಕಿಚ್ಚು. ಅವನು ನನಗಿಂತ ಒಂದೇ ವರ್ಷ ದೊಡ್ಡವನು. ನಮ್ಮೂರು ಮುಳ್ಳನ್ಕೊಲ್ಲಿಯಲ್ಲಿ ನಮ್ಮ ತೋಟಕ್ಕೂ ಅವರ ತೋಟಕ್ಕೂ ನಡುವೆ ಒಂದು ತೋಡು ಹರಿಯುತ್ತಿತ್ತು. ತೋಡೆಂದರೆ ಸಣ್ಣ ಹಳ್ಳ. ಬೇಸಿಗೆಯಲ್ಲಿ ಅದರಲ್ಲಿ ಪಾದ ಮುಳುಗುವಷ್ಟು ನೀರೂ ಇರುತ್ತಿರಲಿಲ್ಲ. ಆದರೆ ನನ್ನ ಕಣ್ಣಿಗೆ ಅದು ಎರಡು ದೇಶಗಳ ನಡುವಿನ ಗಡಿಯಾಗಿತ್ತು.

ಕಾಫಿಯ ಮೊಗ್ಗು ತಾನಾಗಿ ಅರಳುವುದಿಲ್ಲ, ಮಕ್ಕಳೇ. ಬೇಸಿಗೆಯ ನಡುವೆ ಒಂದು ಒಳ್ಳೆಯ ಮಳೆ ಬೀಳಬೇಕು. ಅದನ್ನು ಹೂಮಳೆ ಎನ್ನುತ್ತೇವೆ. ಬಿದ್ದ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಬೀಳದಿದ್ದರೆ ಮೊಗ್ಗು ಗಿಡದಲ್ಲೇ ಕಪ್ಪಾಗಿ ಉದುರುತ್ತದೆ. ನಾನು ಹೇಳಲಿರುವ ವರ್ಷದ ಹಿಂದಿನ ವರ್ಷ ನಮ್ಮ ಮೊಗ್ಗು ಹಾಗೆ ಉದುರಿತ್ತು. ಅಪ್ಪ ಕೂಲಿಗಾಗಿ ಕೊಡಗಿನ ಎಸ್ಟೇಟಿಗೆ ಹೋಗಿ ಆರು ತಿಂಗಳು ಅಲ್ಲೇ ಉಳಿದಿದ್ದರು. ಆದುದರಿಂದ ಆ ವರ್ಷದ ಹೂವೆಂದರೆ ನನಗೆ ಬೇರೇನೂ ಆಗಿರಲಿಲ್ಲ: ಹೂ ಬಂದರೆ ಅಪ್ಪ ಮನೆಯಲ್ಲಿರುತ್ತಾರೆ, ಬಾರದಿದ್ದರೆ ಇರುವುದಿಲ್ಲ.

ಆ ವರ್ಷ ಹೂಮಳೆ ತೋಡಿನ ಆಚೆಗೆ ಮಾತ್ರ ಬಿತ್ತು. ನಾವೆಲ್ಲರೂ ಜಗಲಿಯಲ್ಲಿ ನಿಂತು ನೋಡಿದೆವು. ದೊಡ್ಡಪ್ಪನ ಹೆಂಚಿನ ಮೇಲೆ ಮಳೆ ಬಡಿಯುವ ಸದ್ದು ನಮ್ಮವರೆಗೆ ಬಂತು, ಒದ್ದೆ ಮಣ್ಣಿನ ವಾಸನೆ ಬಂತು, ತಣ್ಣನೆಯ ಗಾಳಿಯೂ ಬಂತು. ಮಳೆ ಮಾತ್ರ ಬರಲಿಲ್ಲ. ನಮ್ಮ ಅಂಗಳದ ಧೂಳಿನಲ್ಲಿ ನಾಲ್ಕು ಹನಿಗಳ ಗುರುತು ಮೂಡಿತು. ಅಕ್ಕ ಅವನ್ನು ಎಣಿಸಿದಳು. ಆ ಸಂಜೆಯ ಪ್ರಾರ್ಥನೆಯಲ್ಲಿ ಅಪ್ಪ, "ಅಣ್ಣನ ತೋಟಕ್ಕೆ ಮಳೆ ಕೊಟ್ಟೆಯಲ್ಲ ಕರ್ತನೇ, ನಿನಗೆ ಸ್ತೋತ್ರ" ಎಂದರು. ನಾನು ಮಾತ್ರ ಆಮೆನ್ ಎನ್ನಲಿಲ್ಲ.

ನಮ್ಮ ಸಣ್ಣ ಚರ್ಚಿನಲ್ಲಿ ಒಂದು ರೂಢಿಯಿತ್ತು. ಹೂಮಳೆಯ ನಂತರ ಕಾಫಿ ಅರಳಿದ ಮೊದಲ ಭಾನುವಾರ, ಪ್ರತಿಯೊಂದು ಮನೆಯವರೂ ತಮ್ಮ ತೋಟದ ಒಂದು ರೆಂಬೆಯನ್ನು ತಂದು ಪೀಠದ ಮುಂದೆ ಇಡುತ್ತಿದ್ದರು. ಆ ಭಾನುವಾರ ಬೆಳಿಗ್ಗೆ ಅಪ್ಪ ಕತ್ತಿಯಿಂದ ನಮ್ಮ ಗಿಡದ ರೆಂಬೆಯೊಂದನ್ನು ಕೊಯ್ದರು. ಅದರಲ್ಲಿದ್ದುದು ಗಟ್ಟಿಯಾಗಿ ಮುಚ್ಚಿಕೊಂಡಿದ್ದ ಹಸಿರು ಮೊಗ್ಗುಗಳು ಮಾತ್ರ.

"ಇದನ್ನಾ ಕೊಂಡೋಗೋದು?" ಎಂದೆ.

"ನಮ್ಮಲ್ಲಿರೋದು ಇದೇ ಅಲ್ವಾ ಮೋನೇ?" ಎಂದರು ಅಪ್ಪ. ಮಗನೇ ಎನ್ನಲು ಅವರು ಮೋನೇ ಎನ್ನುತ್ತಿದ್ದರು.

ಅಕ್ಕ ರೆಂಬೆಗೆ ಒದ್ದೆ ಟವಲ್ ಸುತ್ತಿ ನನ್ನ ಕೈಗಿತ್ತಳು. ಅಮ್ಮನಿಗೆ ಮೈ ಹುಷಾರಿಲ್ಲದ ಕಾರಣ ನಾವು ಮೂವರೇ ಹೊರಟೆವು.

ಚರ್ಚಿನ ದಾರಿ ದೊಡ್ಡಪ್ಪನ ತೋಟದ ಮಧ್ಯದಲ್ಲೇ ಹಾದುಹೋಗುತ್ತಿತ್ತು. ತೋಡನ್ನು ದಾಟಿದೊಡನೆ ಪರಿಮಳ ಮುಖಕ್ಕೆ ಹೊಡೆಯಿತು. ಮಲ್ಲಿಗೆಯಂಥ, ಆದರೆ ಮಲ್ಲಿಗೆಗಿಂತ ಸಿಹಿಯಾದ ಪರಿಮಳ. ಕೊಂಬೆ ಕೊಂಬೆಗೂ ಬೆಣ್ಣೆ ಮೆತ್ತಿದಂತೆ ಹೂ. ಮೇಲೆಲ್ಲ ಜೇನುನೊಣಗಳ ಗುಂಯ್ ಗುಂಯ್ ಸದ್ದು. ದೊಡ್ಡಪ್ಪನ ಮಗ ಬೇಲಿಯ ಬಳಿ ಎದುರಾದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ತುಂಬು ಹೂವಿನ ರೆಂಬೆ. ಅವನು ನನ್ನ ಟವಲಿನ ತುದಿಯನ್ನು ಎತ್ತಿ ಇಣುಕಿದ.

"ಏನೋ ಇದು, ಒಲೆಗೆ ಹಾಕೋ ಪುಳ್ಳೆಯಾ? ನಿಮ್ಮಪ್ಪ ಈ ಸಲಾನೂ ಕೊಡಗಿಗೆ ಹೋಗೋದೇ ಸೈ ಬಿಡು!"

ಇಷ್ಟು ಹೇಳಿ ಅವನು ಮುಂದೆ ಓಡಿದ. ಅವನ ಅಂಗಿಯ ಮೇಲೂ ಹೂವಿನ ಮೇಲೂ ನನಗೆ ಸಿಟ್ಟಿತ್ತು, ನಿಜ. ಆದರೆ ಅವನ ಅಪ್ಪ ವರ್ಷವಿಡೀ ಅವನ ಮನೆಯಲ್ಲೇ ಇರುತ್ತಾರೆ ಎಂಬುದನ್ನು ನೆನೆದಾಗ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಯಿತು. ಕಾಲಿಗೆ ಮುಳ್ಳು ಚುಚ್ಚಿತೆಂದು ಸುಳ್ಳು ಹೇಳಿ ನಾನು ಹಿಂದೆ ಉಳಿದೆ. ಅಪ್ಪ ಮತ್ತು ಅಕ್ಕ ತಿರುವಿನಲ್ಲಿ ಮರೆಯಾದರು. ನಮ್ಮ ರೆಂಬೆಯನ್ನು ಬೇಲಿಯ ಬುಡಕ್ಕೆ ತುರುಕಿ, ದೊಡ್ಡಪ್ಪನ ಗಿಡದಿಂದ ಹೂ ಬಿಟ್ಟ ರೆಂಬೆಯೊಂದನ್ನು ಮುರಿದು ಟವಲಿನಲ್ಲಿ ಸುತ್ತಿಕೊಂಡೆ. ಹೂವಿಗೆ ಹೆಸರು ಬರೆದಿರುತ್ತದೆಯೇ? ಪೀಠದ ಮುಂದೆ ಎಲ್ಲವೂ ಒಂದೇ, ಅಪ್ಪನಿಗೆ ಗೊತ್ತಾದರೂ ಎಲ್ಲರೆದುರು ಏನೂ ಅನ್ನಲಾರರು ಎಂದುಕೊಂಡೆ.

ಚರ್ಚಿನೊಳಗೂ ಅದೇ ಪರಿಮಳ ತುಂಬಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ನಮ್ಮ ಸರದಿ ಬಂದಾಗ ಅಪ್ಪ ನನ್ನಿಂದ ರೆಂಬೆಯನ್ನು ತೆಗೆದುಕೊಂಡು ಪೀಠದ ಬಳಿ ಹೋಗಿ ಟವಲನ್ನು ಬಿಚ್ಚಿದರು. ಬಿಚ್ಚಿದವರು ಹಾಗೇ ನಿಂತರು. ನಾನು ಒಂದನ್ನು ಮರೆತಿದ್ದೆ. ನಮ್ಮದು ರೋಬಸ್ಟಾ ಜಾತಿಯ ಕಾಫಿ, ಅದರ ಎಲೆ ಅಂಗೈಗಿಂತ ಅಗಲ. ದೊಡ್ಡಪ್ಪನದು ಅರೇಬಿಕಾ, ಅದರ ಎಲೆ ಚಿಕ್ಕದು, ಕಡು ಹಸಿರು, ಎಣ್ಣೆ ಹಚ್ಚಿದಂತೆ ಹೊಳೆಯುವಂಥದು. ಅಲ್ಲಿ ಕುಳಿತವರೆಲ್ಲರೂ ಕಾಫಿಯಲ್ಲೇ ಹುಟ್ಟಿ ಬೆಳೆದವರು; ಎಲೆ ನೋಡಿಯೇ ತೋಟ ಯಾರದೆಂದು ಹೇಳಬಲ್ಲವರು.

ದೊಡ್ಡಪ್ಪ ಕೂತಲ್ಲಿಂದಲೇ, "ಏನ್ ತಮ್ಮಾ, ನಿನ್ನ ರೋಬಸ್ಟಾ ಚರ್ಚಿಗೆ ಬರೋಷ್ಟರಲ್ಲಿ ಅರೇಬಿಕಾ ಆಗ್ಬಿಡ್ತಾ?" ಎಂದರು. ಬೆಂಚುಗಳ ಉದ್ದಕ್ಕೂ ನಗು ಹರಿಯಿತು. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಅಪ್ಪ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಆ ರೆಂಬೆಯನ್ನು ದೊಡ್ಡಪ್ಪನ ಮನೆಯ ರೆಂಬೆಯ ಪಕ್ಕದಲ್ಲಿಟ್ಟು, "ಇದು ಅಣ್ಣನದು. ನಮ್ಮದು ದಾರೀಲಿ ಬಿದ್ದಿರಬೇಕು ಅಚ್ಚಾ, ಈಗ ತರಿಸ್ತೀನಿ" ಎಂದು, ನಾವು ಅಚ್ಚ ಎಂದು ಕರೆಯುತ್ತಿದ್ದ ಪಾದ್ರಿಗಳಿಗೆ ಹೇಳಿದರು. ಆಮೇಲೆ ನನ್ನ ಬಳಿ ಬಾಗಿ, "ಹೋಗು, ನಮ್ಮದನ್ನ ತಗೊಂಬಾ" ಎಂದಷ್ಟೇ ಪಿಸುಗುಟ್ಟಿದರು.

ನಾನು ಅಳುತ್ತಾ ಓಡಿದೆ. ಬೇಲಿಯ ಬುಡದಲ್ಲಿ ನಮ್ಮ ರೆಂಬೆ ಮಣ್ಣು ಮೆತ್ತಿಕೊಂಡು ಬಿದ್ದಿತ್ತು. ಅಂಗಿಯಿಂದ ಒರೆಸಿ ತಂದಾಗ ಆರಾಧನೆ ಮುಗಿದು ಎಲ್ಲರೂ ಅಂಗಳದಲ್ಲಿ ನಿಂತಿದ್ದರು. ಅಪ್ಪ ನನ್ನ ಕೈ ಹಿಡಿದು ಒಳಗೆ ನಡೆದರು. ಅಷ್ಟು ಬಿಳುಪಿನ ನಡುವೆ ಆ ಮೊಗ್ಗಿನ ರೆಂಬೆಯನ್ನು ಇಟ್ಟಾಗ ಅವರ ಕೈ ಸ್ವಲ್ಪವೂ ನಡುಗಲಿಲ್ಲ.

"ಮಳೆ ಬರುತ್ತಾ ಅಪ್ಪಾ?"

"ಗೊತ್ತಿಲ್ಲ."

"ಬರದಿದ್ರೆ?"

"ಬರದಿದ್ರೆ ನಾನು ಕೊಡಗಿಗೆ ಹೋಗ್ತೀನಿ. ಕರ್ತನು ನನ್ ಜೊತೆ ಅಲ್ಲಿಗೂ ಬರ್ತಾನೆ, ನಿಮ್ ಜೊತೆ ಇಲ್ಲೂ ಇರ್ತಾನೆ. ಅವನಿಗೇನು ತೋಡು ಅಡ್ಡವಾ?"

ಮಳೆ ಬರಲಿಲ್ಲ. ಮೊಗ್ಗು ಕಪ್ಪಾಯಿತು, ಅಪ್ಪ ಹೋದರು. ಆದರೆ ಅಪ್ಪ ಹೋದ ಮರುದಿನವೇ ದೊಡ್ಡಪ್ಪ ತೋಡು ದಾಟಿ ಬಂದು ನಮ್ಮ ಕರುವಿಗೆ ಹುಲ್ಲು ಹಾಕಿದರು. ಆಮೇಲೆ ಪ್ರತಿ ಶನಿವಾರ ಅವರ ಮಗ ಒಂದು ಚೀಲದಲ್ಲಿ ಮರಗೆಣಸನ್ನೋ ಕುಚ್ಚಲಕ್ಕಿಯನ್ನೋ ತಂದು ನಮ್ಮ ಜಗಲಿಯಲ್ಲಿಟ್ಟು ಓಡಿಹೋಗುತ್ತಿದ್ದ. ಅಪ್ಪ ಇಲ್ಲದ ಆ ತಿಂಗಳುಗಳಲ್ಲಿ ನಾವು ಒಂದು ದಿನವೂ ಹಸಿದು ಮಲಗಲಿಲ್ಲ. ನಿಜ ಹೇಳಬೇಕೆಂದರೆ, ಅದಕ್ಕೂ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ದೇವರು ಕಳಿಸುವ ಚೀಲವನ್ನು ಹೊರುವ ಕೈ ನನ್ನದಾಗದೆ ಅವನದಾಯಿತಲ್ಲ ಎಂದು! ಕ್ರಿಸ್‌ಮಸ್ಸಿನ ಹಿಂದಿನ ದಿನ ಅಪ್ಪ ಕಿತ್ತಳೆಯ ಬುಟ್ಟಿಯೊಂದಿಗೆ ಮರಳಿದಾಗ, ಮೊದಲ ಎರಡು ಹಣ್ಣುಗಳನ್ನು ನಾನೇ ಅವನಿಗೆ ಕೊಟ್ಟುಬಂದೆ.

ಮಕ್ಕಳೇ, ನೀವು ಹೂಮಳೆಗಾಗಿ ಜಗಲಿಯಲ್ಲಿ ನಿಂತವರಲ್ಲ. ನಿಮಗೆ ಮೋಟಾರು ಇದೆ, ಕೆರೆಯಿಂದ ನೀರೆತ್ತುವ ಪೈಪು ಇದೆ, ಗಿರ್ರನೆ ತಿರುಗುತ್ತಾ ಮಳೆ ಸುರಿಸುವ ಸ್ಪ್ರಿಂಕ್ಲರ್ ಇದೆ. ಯಾವ ದಿನ ತೋಟ ಅರಳಬೇಕೆಂದು ನಿಮ್ಮಪ್ಪ ಮೊದಲೇ ನಿಶ್ಚಯಿಸಬಲ್ಲರು. ಆದರೂ ಈ ಬೇಸಿಗೆಯಲ್ಲಿ ಕೆರೆ ಬತ್ತಿ ಪೈಪು ಗಾಳಿಯನ್ನಷ್ಟೇ ಉಗುಳಿತು. ನಿನ್ನೆ ನೀವು ಫೋನಿನಲ್ಲಿ ತೋಡಿನಾಚೆ ಮನೆಯ ಬೆಳ್ಳನೆಯ ತೋಟದ ಚಿತ್ರವನ್ನು ನೋಡಿ, "ಅವರಿಗೆ ಮಾತ್ರ ಯಾಕಜ್ಜಾ?" ಎಂದು ಕೇಳಿದಿರಿ. ನಿಮ್ಮ ಮುಖದಲ್ಲಿ ನನ್ನ ಹಳೆಯ ಕಾಯಿಲೆಯನ್ನು ಕಂಡೆ.

ನಾಳೆ ಭಾನುವಾರ. ಮೊಗ್ಗಿನ ರೆಂಬೆಯೊಂದನ್ನು ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ನೀವು ಸರದಿಯಲ್ಲಿ ಒಬ್ಬೊಬ್ಬರಾಗಿ ಅದನ್ನು ಹಿಡಿದು ನಡೆಯಿರಿ. ಪೀಠದ ಮುಂದೆ ನಾನಿಡುತ್ತೇನೆ. ಇಷ್ಟು ವರ್ಷಗಳಲ್ಲಿ ಎಷ್ಟೋ ಸಲ ಇಟ್ಟಿದ್ದೇನೆ. ಪ್ರತಿ ಸಲವೂ ನನ್ನ ಕೈ ಸ್ವಲ್ಪ ನಡುಗುತ್ತದೆ. ಆಚೆ ದಡದ ಹೂವಿನ ಮೇಲೆ ನನಗೆ ಈಗ ಹೊಟ್ಟೆಕಿಚ್ಚಿಲ್ಲ. ನಡುಗದಿದ್ದ ಅಪ್ಪನ ಕೈಯ ಮೇಲೆ ಮಾತ್ರ ಇದೆ.